ಕಾಲಾಳಾದ ಅಣ್ಣ, ಆಡಲು ಹೊರಟ ತಂಗಿ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಹಲ್ಲು ಬರುವ ಮೊದಲು, ಹೊಂಬಾಳೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಕಾಡಿಗೆರಾಯನೆಂಬ ಮಾಂತ್ರಿಕ ಚದುರಂಗದ ಹಲಗೆ ಹಾಸಿಕೊಂಡು ಕೂತಿದ್ದ. ಅವನ ಕೈಲಿ ಸೋತವರು ಅಲ್ಲೇ ಮರದ ಕಾಯಿಯಾಗುತ್ತಿದ್ದರು. ಬರುವ ಹುಣ್ಣಿಮೆಯೊಳಗೆ ಯಾರಾದರೂ ಅವನನ್ನು ಸೋಲಿಸಿದರೆ ಮಾತ್ರ ಅವರು ಮತ್ತೆ ಮನುಷ್ಯರಾಗುತ್ತಿದ್ದರು. ಆಟ ಸಮವಾದರೂ ಬಿಡುಗಡೆಯಿಲ್ಲ, ಕಾಯಿ ಕಾಯಿಯಾಗಿಯೇ ಉಳಿಯುತ್ತಿತ್ತು.

ಬೊಂಬೆ ಕಡೆಯುವ ಕಾಳಾಚಾರಿಯ ಮಗ ಮೌನೇಶ ಹೀಗೇ ಸೋತು ಕಾಲಾಳಾದ. ಅವನ ತಂಗಿ ದೇವೀರಿ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಳು. ಆಮೇಲೆ ಮುಖ ತೊಳೆದುಕೊಂಡು, "ಅಪ್ಪಾ, ಅಣ್ಣನ್ನ ಕರಕೊಂಡೇ ಬರ್ತೀನಿ" ಅಂತ ಕಾಡಿಗೆ ಹೊರಟಳು. ಹುಣ್ಣಿಮೆಗೆ ಇಪ್ಪತ್ತೊಂದು ದಿನವಿತ್ತು.

ಕಾಡಿನಲ್ಲಿ ಚದುರಂಗ ಕಲಿಸುವ ಮೂವರು ಗುರುಗಳಿದ್ದರು. ಆಟ ಶುರುಮಾಡುವ ಬಗೆ ಗಿಳಿಗೆ ಗೊತ್ತು. ನಡುವೆ ನುಗ್ಗಿ ಹೊಡೆಯುವುದು ಹುಲಿಗೆ ಗೊತ್ತು. ನಾಲ್ಕೇ ಕಾಯಿ ಉಳಿದಾಗ ಆಟ ಮುಗಿಸುವುದು ಆಮೆಗೆ ಗೊತ್ತು.

ಗಿಳಿಯ ಪಾಠ ಎಷ್ಟು ಸೊಗಸು ಅಂತೀರಿ! "ನಿಮ್ಮಣ್ಣ ವರ್ಷವೆಲ್ಲ ನನ್ನ ಹತ್ತಿರವೇ ಇದ್ದ, ಸಾವಿರ ಆರಂಭ ಬಾಯಿಪಾಠ ಮಾಡಿದ್ದ" ಅಂತು ಗಿಳಿ. ಈ ಹುಡುಗಿಯೂ ಹಾಗೇ ಮೈಮರೆತು ಆರು ದಿನ ಕಳೆದಳು. ಒಂದು ವರ್ಷ ಕಲಿತ ಅಣ್ಣ ಯಾಕೆ ಸೋತ ಅಂತ ಹೊಳೆಯಬೇಡವೇ?

ಹುಲಿಯ ಹತ್ತಿರ ಹೋದಳು, ಎಂಟೇ ನಡೆಗೆ ಮಂತ್ರಿಯನ್ನು ಕಳೆದುಕೊಂಡಳು. ಛಲ ಬಂತು. ಅಲ್ಲೂ ಮೂರು ದಿನ ಹೋಯಿತು.

ಕೊನೆಗೆ ಆಮೆ. ಅದು ಎರಡು ರಾಜ, ಒಂದು ಕಾಲಾಳು ಇಟ್ಟು, "ಗೆಲ್ಲು" ಅಂತು.

"ಅಯ್ಯೋ, ಇಷ್ಟೇನಾ?" ಅಂದಳು ದೇವೀರಿ. ಕಾಲಾಳನ್ನು ಓಡಿಸಿದಳು. ಆಮೆಯ ರಾಜ ಎದುರು ನಿಂತ, ದಾರಿ ಮುಚ್ಚಿತು. ಮೂರು ಸಲ ಆಡಿದಳು, ಮೂರು ಸಲವೂ ಆಟ ಸಮವಾಯಿತು. ಸಮವಾದರೆ ಅಣ್ಣನಿಗೆ ಬಿಡುಗಡೆಯಿಲ್ಲವಲ್ಲ!

ಆಗ ಅಪ್ಪ ಮರ ತಿರುಗಿಸಿ ಬೊಂಬೆ ಕಡೆಯುವ ಕಡಸಲು ನೆನಪಾಯಿತು. ಬಣ್ಣ ಹಚ್ಚುತ್ತಲೇ ಕೂತು ಬುಡ ಸಮಮಾಡುವುದನ್ನು ಮರೆತರೆ ಬೊಂಬೆ ಉರುಳಿಬೀಳುತ್ತಿತ್ತು. ಅಪ್ಪ ಮೊದಲು ಬೊಂಬೆಯನ್ನು ನಿಲ್ಲಿಸಿ ನೋಡಿ, ಯಾವ ಕಡೆ ವಾಲುತ್ತದೋ ಅಲ್ಲಿಗೆ ಉಳಿ ಇಡುತ್ತಿದ್ದ.

ಅಂದಿನಿಂದ ದೇವೀರಿ ದಿನವೂ ಮೂವರ ಹತ್ತಿರವೂ ಹೋದಳು. ಸಂಜೆ ಒಂದು ಪೂರಾ ಆಟ ಆಡಿ, ಎಲ್ಲಿ ಮುಗ್ಗರಿಸಿದೆ ಅಂತ ನೋಡಿಕೊಂಡಳು. ಮುಗ್ಗರಿಸಿದ ಕಡೆಗೆ ಮರುದಿನ ಹೆಚ್ಚು ಹೊತ್ತು.

"ನನ್ನನ್ನ ಬಿಟ್ಟು ಹೋದರೆ ಮರೆತುಬಿಡ್ತೀಯ!" ಅಂತ ಗಿಳಿ ಮುನಿಸಿಕೊಂಡಿತು.

"ಮರೆತರೆ ಮತ್ತೆ ಬಂದು ಕೇಳ್ತೀನಿ ಗುರುವೇ" ಅಂದಳು.

ಹುಲಿ ಗುರುಗುಟ್ಟಿತು. ಆಮೆ ಮಾತ್ರ ಮತ್ತೆ ಕಾಯಿ ಜೋಡಿಸಿತು.

ಹುಣ್ಣಿಮೆಯ ಹಗಲು ಕಾಡಿಗೆರಾಯನ ಎದುರು ಆಟ ಶುರುವಾಯಿತು. ಗಿಳಿಯ ಪಾಠ ಹನ್ನೆರಡು ನಡೆ ಕಾಪಾಡಿತು. ಹುಲಿಯ ಪಾಠ ಮಾಂತ್ರಿಕನ ಆನೆಯನ್ನು ಹೊಡೆಯಿತು. ಎರಡೂ ಕಡೆ ಕಾಯಿಗಳು ಉದುರುತ್ತಾ ಬಂದು, ಕೊನೆಗೆ ಇಬ್ಬರು ರಾಜರೂ ದೇವೀರಿಯ ಒಂದು ಕಾಲಾಳೂ ಉಳಿದರು. ಆ ಕಾಲಾಳು ಮೌನೇಶನೇ.

"ಓಡಿಸೇ, ನಿಮ್ಮಣ್ಣ ಕಾಯ್ತಿದ್ದಾನೆ" ಅಂದ ಕಾಡಿಗೆರಾಯ.

ದೇವೀರಿ ಆಮೆಯ ಪಾಠ ನೆನೆದಳು. ಅಣ್ಣನನ್ನು ಮುಟ್ಟಲಿಲ್ಲ. ತನ್ನ ರಾಜನನ್ನು ಅವನ ಮುಂದೆ ತಂದಳು. ಇನ್ನೊಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಮಾಂತ್ರಿಕನ ರಾಜ ಪಕ್ಕಕ್ಕೆ ಸರಿಯಲೇಬೇಕಾಯಿತು. ದಾರಿ ತೆರೆದ ಮೇಲೆ ಅಣ್ಣನನ್ನು ನಡೆಸಿದಳು. ಕೊನೆಯ ಮನೆ ಮುಟ್ಟಿದ ಕಾಲಾಳು ಮಂತ್ರಿಯಾಯಿತು, ಮರದ ತಲೆಗೆ ಪೇಟ ಮೂಡಿತು. ಇನ್ನು ಕೆಲವೇ ನಡೆಗೆ ಕಾಡಿಗೆರಾಯನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಕಾಡಿಗೆರಾಯ ತಾನೇ ಮರದ ಕಾಯಿಯಾಗಿ ನೆಲಕ್ಕುರುಳಿದ. ಕಾಯಿಗಳೆಲ್ಲ ಮನುಷ್ಯರಾಗಿ ಮೈಮುರಿದು ಎದ್ದರು.

ಮೌನೇಶ ಪೇಟ ಸರಿಮಾಡಿಕೊಳ್ಳುತ್ತಾ, "ಅಲ್ಲ ಕಣೇ, ನನ್ನನ್ನ ನಿಲ್ಲಿಸಿ ಆ ರಾಜನ್ನ ಯಾಕೆ ಅಡ್ಡಾಡಿಸ್ತಿದ್ದೆ? ಜೀವ ಬಾಯಿಗೆ ಬಂದಿತ್ತು!" ಅಂದ.

ದೇವೀರಿ ಅವನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ಅತ್ತು ಮುಗಿಸಿ, "ನಾಳೆ ಆಮೆ ಹತ್ತಿರ ಹೋಗಿ ಕೂತ್ಕೋ" ಅಂದಳು.

ಮೌನೇಶ ಹೋಗಿ ಕೂತ. ಹೊಂಬಾಳೆಯವರೆಲ್ಲ ಅಂದಿನಿಂದ ನೆಮ್ಮದಿಯಾಗಿದ್ದರು, ಸೋತವರು ಕಾಯಿ ಜೋಡಿಸಿಕೊಂಡು ಇನ್ನೊಂದು ಆಟ ಆಡುತ್ತಿದ್ದರು.