ಮೂರನೆಯ ತುಣುಕು

"ಚಪ್ಪಾಳೆ ತಟ್ಟಬೇಡಿ... ಇನ್ನೂ ಮುಗಿದಿಲ್ಲ!"

ಪಕ್ಕದ ಕುರ್ಚಿಯವನು ಪಿಸುಗುಟ್ಟಿದಾಗ ಅವಳ ಕೈಗಳು ಅಲ್ಲೇ ನಿಂತವು. ಇಡೀ ಸಭಾಂಗಣ ಅವಳತ್ತಲೇ ತಿರುಗಿತ್ತು. ಛೇ! ನಾಟಕದ ಬಟ್ಟೆ ಹೊಲಿಯುವ ನನಗೆ ಈ ಪಿಯಾನೋ ಕಛೇರಿ ಬೇಕಿತ್ತಾ?

ಅವಳ ಕಣ್ಣು ತುಂಬಿದ್ದನ್ನು ಕಂಡು ಅವನೇ ಪೆಚ್ಚಾದ. "ಮೊದಲ ಧಾಟಿ ಇನ್ನೊಂದ್ಸಲ ಬರ್ಬೇಕು. ಕೇಳ್ತಾ ಇರಿ."

ಬಂತು! ಅವಳ ಮೈ ಜುಮ್ಮೆಂದಿತು.

ಅವನು ಸಂಗೀತ ಶಾಲೆಯ ಮೇಷ್ಟ್ರು. ಮರುವಾರವೇ ಅವಳು ಅವನ ಸಂಜೆ ತರಗತಿಗೆ ಸೇರಿದಳು. ಒಂದೇ ಧಾಟಿ ಪಲ್ಲವಿಯಂತೆ ಮತ್ತೆ ಮತ್ತೆ ಮರಳಿದರೆ ರೊಂಡೊ. ಎರಡು ಧಾಟಿಗಳು ಬೇರೆ ಬೇರೆ ಶ್ರುತಿಯಲ್ಲಿ ಹುಟ್ಟಿ, ಗುದ್ದಾಡಿ, ಕೊನೆಗೆ ಒಂದೇ ಶ್ರುತಿಗೆ ಬಂದರೆ ಸೊನಾಟಾ. ಹೊಲಿಗೆ ಯಂತ್ರದ ಮುಂದೆ ಕೂತರೂ ಅದೇ ಗುಂಗು... ಜೊತೆಗೆ ಅವನ ದನಿ!

ಎರಡು ವರ್ಷ ಕಳೆದು ಶಾಲೆಯ ಪ್ರವೇಶ ಪರೀಕ್ಷೆ ಬಂತು. ಇದ್ದದ್ದು ಒಂದೇ ಜಾಗ. ಹಿಂದಿನ ದಿನ ಪ್ರಿನ್ಸಿಪಾಲರ ಕೋಣೆಯಿಂದ ಅವನ ಮಾತು ಅವಳ ಕಿವಿಗೆ ಬಿತ್ತು.

"ಆ ಹೊಲಿಗೆ ಹುಡುಗಿಗೆ ಪರೀಕ್ಷಕನಾಗಿ ನಾನು ಕೂರಲ್ಲ ಸರ್. ದಯವಿಟ್ಟು ನನ್ನನ್ನ ಬಿಟ್ಬಿಡಿ."

ಅವಳು ಬಾಗಿಲಿಂದ ಹಿಂದೆ ಸರಿದಳು. ಇವಳು ನನ್ನ ಶಿಷ್ಯೆ ಅಂತ ಹೇಳಿಕೊಳ್ಳೋಕೂ ನಾಚಿಕೆಯಾ?

ಆದರೂ ಹೋದಳು. ಹಟಕ್ಕೆ ಬಿದ್ದು ಹೋದಳು!

ಪಿಯಾನೋದಲ್ಲಿ ನುಡಿಸಿದ ಮೊದಲೆರಡು ತುಣುಕುಗಳು ಯಾವ ಬಗೆಯವೆಂದು ಥಟ್ಟನೆ ಗುರುತಿಸಿದಳು. ಮೂರನೆಯದರಲ್ಲಿ ಮೊದಲ ಧಾಟಿ ಪದೇ ಪದೇ ಬಂತು.

"ರೊಂಡೊ ತಾನೇ?" ಹಿರಿಯ ಪರೀಕ್ಷಕರು ಕೆಣಕಿದರು. ಇವಳೇ ಕೊನೆಯವಳು; ಮುಂಚೆ ಬಂದ ಆರೂ ಜನ ಹೂಂ ಅಂದಿದ್ದರು.

ಅವಳು ಕಣ್ಣು ಮುಚ್ಚಿದಳು. "ಅಲ್ಲ ಸರ್. ಸೊನಾಟಾ. ಮೊದಲ ಭಾಗವನ್ನೇ ಎರಡು ಸಲ ನುಡಿಸಿದ್ರು, ಅದಕ್ಕೇ ಹಾಗನ್ಸುತ್ತೆ. ಎರಡನೇ ಧಾಟಿ ಮೊದಲು ಬೇರೆ ಶ್ರುತಿಯಲ್ಲಿತ್ತು... ಕೊನೆಯಲ್ಲಿ ಮೊದಲನೇದರ ಶ್ರುತಿಗೇ ಬಂತು!"

ಪರೀಕ್ಷಕರು ಎದ್ದು ನಿಂತರು. "ಭೇಷ್! ಜಾಗ ನಿನ್ನದೇ ಕಣಮ್ಮ!"

ಹೊರಗೆ ಮೆಟ್ಟಿಲ ಮೇಲೆ ಅವನು ಉಗುರು ಕಚ್ಚುತ್ತಾ ಕೂತಿದ್ದ.

"ಗೆದ್ದೆ ಮೇಷ್ಟ್ರೇ. ನೀವು ಕೂರದಿದ್ರೂ ಗೆದ್ದೆ!" ಅವಳು ಅವನೆದುರು ನಿಂತಳು. "ನಾನಂದ್ರೆ ಅಷ್ಟು ನಾಚಿಕೆಯಾ?"

"ನಾಚಿಕೆಯಾ?" ಅವನು ದಡಬಡಿಸಿ ಎದ್ದ. "ಪ್ರೀತಿಸೋ ಹುಡುಗಿಗೆ ಯಾವ ಮುಖ ಇಟ್ಕೊಂಡು ಅಂಕ ಹಾಕ್ಲಿ? ನಾಳೆ ಯಾರೂ ನಿಮ್ಮ ಗೆಲುವನ್ನ ನನ್ನ ದಯೆ ಅನ್ಬಾರ್ದಲ್ವಾ..."

ಅವಳಿಗೆ ಅಳು, ನಗು ಒಟ್ಟಿಗೇ ಬಂದವು.

"ಒಂದು ಮಾತು ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ದಿದ್ರೆ ಒಳಗೆ ಒಂದು ಸ್ವರಾನಾದ್ರೂ ಕೇಳಿಸ್ತಿತ್ತಾ ನಿಮಗೆ?"

"ಅಬ್ಬಾ, ಜಂಬ ನೋಡು!" ಅವಳು ಅವನ ಕೈ ಹಿಡಿದಳು. "ನಡೀರಿ, ಅಮ್ಮನಿಗೆ ನೀವೇ ಹೇಳ್ಬೇಕು."

"ಏನಂತ? ಜಾಗ ಸಿಕ್ತು ಅಂತಾನಾ?"

"ಅದನ್ನ ನಾನು ಹೇಳ್ತೀನಿ," ಎಂದಳು ಅವಳು ಕೆಂಪಾಗಿ. "ಇನ್ನೊಂದನ್ನ ನೀವು ಹೇಳಿ..."