ಹಳಿಯ ದಂಡೆಯ ಪಾಂಡವರು

“ಈ ಕಲ್ಲು ಎಲ್ಲಿಂದ ತಂದ್ರಿ?”

ಶಂಕರೆಪ್ಪನ ದನಿ ಹೊಲದ ತುಂಬ ಕೇಳಿಸಿತು. ಜೋಳದ ಕಣಿಕೆಯಿಂದ ಕಟ್ಟಿದ ಪುಟ್ಟ ಗುಡಿಸಲಿನೊಳಗೆ ಐದು ಕಲ್ಲುಗಳು ಸಾಲಾಗಿ ಕುಳಿತಿದ್ದವು. ಮೈಗೆ ಸುಣ್ಣ, ನೊಸಲಿಗೆ ಕುಂಕುಮ, ಎದುರಿಗೆ ಸಜ್ಜೆಯ ಕಡಬು. ಎಳ್ಳ ಅಮಾವಾಸ್ಯೆಯ ದಿನ ರೈತರು ಹೊಲದಲ್ಲಿ ಪೂಜಿಸುವ ಪಾಂಡವರು ಅವರು. ಪೂಜೆ ಮುಗಿಸಿ ಕುಳಿತಿದ್ದ ತರುಣಿ ತಲೆಯೆತ್ತಿದಳು.

“ದೇವರ ಮುಂದ ಬೂಟ್ ಹಾಕ್ಕೊಂಡು ನಿಂತು ದನಿ ಏರಸಬ್ಯಾಡ್ರಿ, ಸಾಹೇಬ್ರ. ಮೊದಲ ಬೂಟ್ ಕಳೀರಿ, ಆಮ್ಯಾಲೆ ಸಿಟ್ಟ ಮಾಡ್ರಿ.”

ಅವನು ಬಗ್ಗಿ ಬೂಟು ಕಳಚಿದ. ಲೇಸು ಬಿಚ್ಚುವಷ್ಟರಲ್ಲಿ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧವನ್ನು ಅವಳ ಕಣ್ಣಂಚಿನ ನಗೆ ಕೆಡಿಸಿತು.

“ಇವು ರೈಲ್ವೆ ಕಲ್ಲ ಅದಾವ್ರಿ,” ಎಂದ, ಈಗ ಮೆಲ್ಲಗೆ. “ಮೋರಿ ಮ್ಯಾಲೆ ನಾನ ಸುಣ್ಣ ಬಳದು ಇಟ್ಟಿದ್ದೆ.”

“ಅಯ್ಯ ಶಿವನ! ಹೋದ ಮಳಿಗಾಲದಾಗ ಹಳ್ಳ ಬಂದು ನಮ್ಮ ಪಾಂಡವರನ್ನ ಒಯ್ದೈತಿ. ಈ ಕರಿ ಮಣ್ಣಾಗ ಹುಡುಕಿದ್ರೂ ಕಲ್ಲ ಸಿಗಂಗಿಲ್ಲ. ಇವತ್ತ ಮುಂಜಾನಿ ನೋಡಿದ್ರ ಐದು ಕಲ್ಲ, ಅದೂ ಸುಣ್ಣ ಹಚಗೊಂಡು, ಹಳಿ ದಂಡಿಗೆ ಸಾಲಾಗಿ ಕುಂತಾವ! ತಾವಾಗೇ ನಡಕೋತ ಬಂದಾರ ಅಂತ ಕೈ ಮುಗದೆ. ನೀವಾದ್ರ ಏನ ತಿಳೀತಿದ್ರಿ?”

ಶಂಕರೆಪ್ಪ ಹಳಿಯ ಕಡೆ ತಿರುಗಿ ನೋಡಿದ. ಅವನು ಸೊಲ್ಲಾಪುರದ ಅರಿವೆ ವ್ಯಾಪಾರಿಯ ಮನೆತನದವನು. ಗಾದಿಯ ಮೇಲೆ ಕುಳಿತು ಗಜದಿಂದ ಬಟ್ಟೆ ಅಳೆಯುವುದನ್ನು ಬಿಟ್ಟು, ಹಳಿಗಳ ಮೇಲ್ವಿಚಾರಕನಾಗಿ ಹೋಟಗಿಯಿಂದ ಅಕ್ಕಲಕೋಟ ರೋಡ್ ಸ್ಟೇಷನ್ನಿನವರೆಗೆ ಬಿಸಿಲಲ್ಲಿ ನಡೆಯುವ ಕೆಲಸವನ್ನು ಆರಿಸಿಕೊಂಡಿದ್ದ. ಹಳಿಯ ಕೆಳಗಿನ ಮರದ ಸ್ಲೀಪರುಗಳಲ್ಲಿ ಯಾವುದು ಇನ್ನೂ ತಾಳೀತು, ಯಾವುದನ್ನು ಈ ವರ್ಷವೇ ಬದಲಿಸಬೇಕು ಎಂದು ನೋಡಿ ಸುಣ್ಣದ ಕಲ್ಲಿಟ್ಟು ಗುರುತು ಮಾಡುವುದು ಅವನ ಕರ್ತವ್ಯವಾಗಿತ್ತು. ಹೊಸ ಮರ ಬರುವುದು ಸ್ವಲ್ಪ, ಕೇಳುವವರು ಬಹಳ.

ಮುರಿದ ಮೇಲೆ ಓಡಿಬಂದವನನ್ನು ಲೋಕ ಹಾರ ಹಾಕಿ ಮೆರೆಸುತ್ತದೆ. ಮುರಿಯದ ಹಾಗೆ ವರ್ಷವಿಡೀ ನಡೆದವನ ಹೆಸರನ್ನು ಕೇಳುವವರೇ ಇಲ್ಲ. ಇಂಥ ಕೃತಘ್ನತೆಯನ್ನು ಸಹಜವೆಂದು ಒಪ್ಪಿಕೊಂಡಿರುವ ನಮ್ಮ ಸಮಾಜಕ್ಕೆ ನಾಚಿಕೆಯಾಗಬೇಕು.

“ಇವತ್ತ ದೊಡ್ಡ ಇನ್ಸ್‌ಪೆಕ್ಟರ್ ಸಾಹೇಬ್ರು ಟ್ರಾಲಿ ಮ್ಯಾಲೆ ಬರಾಕತ್ತಾರ,” ಎಂದ ಶಂಕರೆಪ್ಪ. “ಕಲ್ಲ ಇದ್ದಲ್ಲಿ ಇಳದು ನೋಡ್ತಾರ, ಇಲ್ದಿದ್ರ ಮುಂದ ಹೋಗ್ತಾರ, ನಾ ಬರೇ ಬಾಯಿಲೆ ಹೇಳಿದ್ರ ಕೇಳಂಗಿಲ್ಲ. ಮೋರಿ ಮ್ಯಾಲಿನ ಮರ ಹಳ್ಳದ ನೀರ ಕುಡದು ಕೊಳತಾವ. ಈ ವರ್ಷ ತಪ್ಪಿದ್ರ ಮತ್ತೊಂದು ಮಳಿಗಾಲ ಅದರ ಮ್ಯಾಲೇ ಗಾಡಿ ಓಡಬೇಕಾಗ್ತದ.”

ಅವಳ ನಗೆ ಮಾಯವಾಯಿತು. “ಗಾಡಿ ಅಲ್ಲಿ ಎಡವತೈತಿ. ಹೊಲದಾಗ ನಿಂತ್ರ ನನಗ ಕೇಳತೈತಿ.”

ಎತ್ತುಗಳನ್ನು ಕಟ್ಟಿ ಬಂದ ಅವಳ ತಂದೆ ಕಲ್ಲಣ್ಣ ಎಲ್ಲವನ್ನೂ ಕೇಳಿ ಗಲ್ಲ ಕೆರೆದುಕೊಂಡ. “ಕೂಡಿಸಿದ ದೇವರನ್ನ ಜೋಳದ ರಾಶಿ ಆಗೂತನಕ ಏಳಸಂಗಿಲ್ರಿ. ನಮ್ಮ ಅಪ್ಪನ ಕಾಲದಿಂದ ನಡದ ಬಂದೈತಿ. ಏನ ಮಾಡೂನಂತಿ, ಮಗಳ, ಇಂದೂ?”

ಇಂದುಬಾಯಿ ತನ್ನ ಅಂಗೈಗಳನ್ನು ನೋಡಿಕೊಂಡಳು. ಕಲ್ಲು ತಂದಾಗ ಮೆತ್ತಿದ ಸುಣ್ಣ ಇನ್ನೂ ಹೋಗಿರಲಿಲ್ಲ.

“ಕಲ್ಲ ಒಯ್ದಾಕಿ ನಾನು. ಕಲ್ಲಿನ ಬದಲಿ ನಾನ ನಿಲ್ಲತೀನಿ.”

“ಬ್ಯಾಡ್ರಿ,” ಎಂದ ಶಂಕರೆಪ್ಪ ಗಾಬರಿಯಿಂದ. “ಸಾಹೇಬ್ರ ಸಿಟ್ಟ ಕೆಟ್ಟ ಅದ.”

“ನಿಮ್ಮ ಸಿಟ್ಟಿನಷ್ಟ ಅದ ಏನ್ರಿ? ಅವರಿಗೂ ಬೂಟ್ ಕಳೀರಿ ಅಂತೀನಿ.”

ಕಲ್ಲಣ್ಣ ರುಮಾಲು ಸರಿಮಾಡಿಕೊಂಡು ಮಗಳ ಹಿಂದೆ ನಡೆದ. ಮೋರಿಯ ಬಳಿ ಅವಳು ಎರಡೂ ಹಳಿಗಳ ನಡುವೆ ನಿಂತು, ಸುಣ್ಣದ ಅಂಗೈಗಳನ್ನು ಮೇಲಕ್ಕೆತ್ತಿದಳು. ದೂರದಿಂದ ಬರುತ್ತಿದ್ದ ಟ್ರಾಲಿಗೆ ಹಸಿರು ಸೀರೆಯ ಮೇಲಿನ ಆ ಎರಡು ಬಿಳಿ ಗುರುತುಗಳು ಯಾವ ಕಲ್ಲಿಗಿಂತಲೂ ಸ್ಪಷ್ಟವಾಗಿ ಕಂಡಿರಬೇಕು. ಟ್ರಾಲಿ ನಿಂತಿತು.

“ಕಾಯ್ ಝಾಲಂ, ಏನಾತು? ಯಾರು ಈ ಬಾಯಿ?” ಎಂದು ಇನ್ಸ್‌ಪೆಕ್ಟರ್ ಕೂತಲ್ಲಿಂದಲೇ ಮರಾಠಿ ಬೆರೆಸಿ ಗದರಿದ.

ಶಂಕರೆಪ್ಪ ಮುಂದೆ ಬಂದು, ಕಲ್ಲುಗಳು ಹೊಲಕ್ಕೆ ಹೋದದ್ದನ್ನು ಮುಚ್ಚದೆ ಹೇಳಿದ. ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡು ಕೈ ಬೀಸಿದ. “ಈ ವರ್ಷ ಹ್ಯಾಂಗೋ ನಡೀತದ. ಮುಂದಿನ ವರ್ಷ ಬಘೂ, ನೋಡೂಣು.”

ಹೇಗೋ ನಡೆಯುತ್ತದೆ! ಬೀಳುವ ಗೋಡೆ, ಸೋರುವ ಮಾಳಿಗೆ, ಸವೆದ ಹಳಿ, ಎಲ್ಲದರ ಮುಂದೆಯೂ ನಿಂತು ನಾವು ಆಡುವ ಮಾತು ಇದೇ. ಸೋಮಾರಿತನ ತನ್ನ ಮುಖಕ್ಕೆ ವಿವೇಕದ ವಿಭೂತಿಯನ್ನು ಬಳಿದುಕೊಂಡಾಗ ಈ ಮಾತು ಹುಟ್ಟುತ್ತದೆ.

ಇಂದುಬಾಯಿ ಕದಲಲಿಲ್ಲ. “ನಮ್ಮ ಊರಿನ ಮಂದಿ ಇದ ಗಾಡ್ಯಾಗ ಸೊಲ್ಲಾಪುರ ಗಿರಣಿಗೆ ಹೋಗ್ತಾರ್ರಿ, ಸಾಹೇಬ್ರ. ಒಮ್ಮೆ ಇಳದು ನೋಡ್ರಿ. ಬರಾಬರ್ ಐತಿ ಅಂದ್ರ ಕೈ ಮುಗದು ಸರೀತೀನಿ.”

“ಮತ್ತ ಇಳೀಲಿಲ್ಲಂದ್ರ?”

“ಹಬ್ಬದ ಊಟ ಇಲ್ಲೇ ತರಸತೀನ್ರಿ. ಇಬ್ಬರೂ ಕೂಡೇ ಉಣ್ಣೂಣು.”

ಟ್ರಾಲಿ ನೂಕುವವರು ಮುಖ ತಿರುಗಿಸಿ ನಕ್ಕರು. ಇನ್ಸ್‌ಪೆಕ್ಟರ್ ಗೊಣಗುತ್ತ ಇಳಿದು ಬೆತ್ತದ ಮೊನೆಯನ್ನು ಸ್ಲೀಪರಿಗೆ ಒತ್ತಿದ. ಅದು ಹಸಿಬೆಲ್ಲಕ್ಕೆ ಇಳಿದಂತೆ ಇಳಿಯಿತು. ಪಕ್ಕದ್ದಕ್ಕೆ ಒತ್ತಿದ, ಅದೂ ಹಾಗೆಯೇ. ಅವನು ಬೆತ್ತವನ್ನು ಎಳೆದುಕೊಂಡು ಬಹಳ ಹೊತ್ತು ಮೋರಿಯ ಕೆಳಗಿನ ಆಳವನ್ನೇ ನೋಡಿದ.

“ಶಂಕರೆಪ್ಪ, ಎಲ್ಲಾದಕ್ಕಿಂತ ಮೊದಲ ಈ ಮೋರಿ. ಅಲ್ಲೀತನಕ ಗಾಡಿ ಇಲ್ಲಿ ನಿಧಾನ ಬಿಡಸ್ತೀನಿ.” ಆಮೇಲೆ ಅವಳತ್ತ ತಿರುಗಿ ಟೋಪಿ ತೆಗೆದ. “ಬಾಯಿ, ನೀ ನಿಂತದ್ದು ಛಲೋ ಆತು.”

ತಪ್ಪನ್ನು ತಿದ್ದಿಕೊಂಡ ಅಧಿಕಾರಿಗೆ ಕೊಡಬೇಕಾದ ಗೌರವವನ್ನೂ ಕೊಡಲೇಬೇಕು. ಅಂಥವರು ವಿರಳ.

ಟ್ರಾಲಿ ಹೋದ ಮೇಲೆ ಕಲ್ಲಣ್ಣ ಶಂಕರೆಪ್ಪನನ್ನು ಊಟಕ್ಕೆ ಕೂಡಿಸಿದ. ಇಂದುಬಾಯಿ ಅಂಬಲಿಯ ಬಟ್ಟಲನ್ನು ಮುಂದಿಟ್ಟಳು. ಅದನ್ನೆತ್ತಿಕೊಂಡ ಅವನ ಉಗುರಿನ ಸಂದಿಯಲ್ಲೂ ಸುಣ್ಣವಿತ್ತು. ಅವಳು ಅದನ್ನು ಕಂಡಳು, ಅವನು ಅವಳ ಅಂಗೈಯನ್ನು ಕಂಡ. ಇಬ್ಬರೂ ಒಂದೇ ಸಲಕ್ಕೆ ಬೇರೆ ಕಡೆ ನೋಡಿದರು.

“ನಿಮ್ಮ ಉಪಕಾರ ಹ್ಯಾಂಗ ತೀರಸಲಿ, ತಿಳೀವಲ್ದು,” ಎಂದ ಅವನು.

“ಇನ್ನೊಂದು ಕಡಬು ತಿನ್ರಿ. ಸದ್ಯಕ್ಕ ಅಷ್ಟು ಸಾಕು.”

ಆ ‘ಸದ್ಯಕ್ಕೆ’ ಎಂಬುದು ಅವನನ್ನು ಅಕ್ಕಲಕೋಟ ರೋಡಿನವರೆಗೂ ಹಿಂಬಾಲಿಸಿತು.

ಹೊಸ ಮರ ಬಂತು. ಕೂಲಿಯವರ ಮುಖಂಡ, ಮುಕಾದಮ ಸಾಯಬಣ್ಣನ ಗ್ಯಾಂಗು ಹಳೆಯ ಸ್ಲೀಪರುಗಳನ್ನು ಕಿತ್ತು ಹೊಸದನ್ನು ಕೂಡಿಸಿ ಜಲ್ಲಿ ಬಡಿಯಿತು. ಕೆಲಸ ನೋಡುವ ನೆಪದಲ್ಲಿ ಶಂಕರೆಪ್ಪ ದಿನಾಲೂ ಬರುತ್ತಿದ್ದ. ನೀರು ಕೊಡುವ ನೆಪದಲ್ಲಿ ಇಂದುಬಾಯಿ ಬದುವಿನ ತನಕ ಬರುತ್ತಿದ್ದಳು. ಅವನು ಹೊಲಕ್ಕೆ ಕಾಲಿಡುವ ಮೊದಲು ಬೂಟು ಕಳಚುತ್ತಿದ್ದ, ಅವಳು ನೋಡಿಯೂ ನೋಡದಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಸಾಯಬಣ್ಣ ಮಾತ್ರ ಬಾಯಿ ಬಿಟ್ಟು ಹೇಳಿದ: “ಸಾಹೇಬ್ರ, ಈ ಮೋರಿ ಮತ್ತ ಮತ್ತ ತಪಾಸಣಿ ಬೇಡತದ, ಅಲ್ರಿ?”

ಸುಗ್ಗಿ ಮುಗಿದು ಜೋಳದ ರಾಶಿಯಾಯಿತು. ಇಂದುಬಾಯಿ ಐದೂ ಕಲ್ಲುಗಳನ್ನು ತೊಳೆದು ಬದುವಿನ ಮೇಲಿಟ್ಟಿದ್ದಳು.

“ಒಯ್ರಿ ನಿಮ್ಮ ಕಲ್ಲ.”

“ಕಲ್ಲಿಗೆ ಬಂದಿಲ್ರಿ.” ಅವನು ಬರಿಗಾಲಲ್ಲಿ ನಿಂತಿದ್ದ. “ನಾಳಿ ನಮ್ಮ ಅವ್ವ ಗಂಗುಬಾಯಿ ನಿಮ್ಮ ಮನಿಗೆ ಬರಾಕತ್ತಾಳ, ನಿಮ್ಮನ್ನ ಕೇಳಾಕ. ದೊಡ್ಡವರು ಮಾತಾಡೂದು ಆಮ್ಯಾಲೆ. ಮೊದಲ ನಿಮ್ಮ ಮನಸ ತಿಳೀಬೇಕು. ಒಲ್ಲೆ ಅಂದ್ರ ಈಗ ಹೇಳ್ರಿ. ಆಕಿ ಗಾಡಿ ಹತ್ತಂಗಿಲ್ಲ.”

ಅವಳು ಕಲ್ಲಿನ ಮೇಲೆ ಉಳಿದಿದ್ದ ಕುಂಕುಮವನ್ನು ಬೆರಳಿನಿಂದ ಒರೆಸುತ್ತಿದ್ದಳು.

“ಕೇಳಿದ್ರಲ್ಲ, ಅದ ದೊಡ್ಡದು. ನನ್ನನ್ನ ಯಾರೂ ಕೇಳತಾರ ಅಂತ ತಿಳದಿರಲಿಲ್ಲ,” ಎಂದಳು. “ಆದ್ರ ನನಗೊಂದು ಅಂಜಿಕಿ ಐತ್ರಿ. ಲಗ್ನ ಆಗಿ ದಿನಾ ಹೋದಂಗ ನೀವೂ ‘ಹ್ಯಾಂಗೋ ನಡೀತದ’ ಅಂದ್ರ?”

“ಅಂದ್ರ ನೀವು ದಾರ್ಯಾಗ ನಿಲ್ರಿ. ನಾ ಇಳದು ನೋಡತೀನಿ.”

“ಬೂಟ್ ಕಳದು?”

“ಬೂಟ್ ಕಳದು.”

ಅಷ್ಟರಲ್ಲಿ ಸೊಲ್ಲಾಪುರದ ಗಾಡಿ ಬಂತು. ಇಬ್ಬರೂ ಉಸಿರು ಹಿಡಿದು ಕೇಳಿದರು. ಗಾಡಿ ಮೋರಿಯನ್ನು ಏರಿತು, ದಾಟಿತು. ಎಡವಲಿಲ್ಲ. ಕಿಡಕಿಗಳಲ್ಲಿ ಯಾರೋ ನಿದ್ದೆ ಹೋಗಿದ್ದರು, ಯಾರೋ ಕೂಸಿಗೆ ಹಾಲೂಡುತ್ತಿದ್ದರು. ತಾವು ಏನನ್ನು ದಾಟಿದೆವೆಂದು ಅವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಅವರ ಪಾಲಿನ ಕೃತಜ್ಞತೆಯನ್ನೂ ಸೇರಿಸಿಯೋ ಏನೋ, ಇಂದುಬಾಯಿ ಶಂಕರೆಪ್ಪನತ್ತ ಕಣ್ಣು ತುಂಬಿ ನೋಡಿದಳು.

ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ಉಡಿಯಲ್ಲಿ ತುಂಬಿಕೊಂಡಳು.

“ಇವು ನನ್ನ ಹತ್ತಿರ ಇರಲಿ. ನಿಮ್ಮ ಅವ್ವಗ ನಾಳಿ ಗಾಡ್ಯಾಗ ಕಿಡಕಿ ಕಡೆ ಕುಂಡ್ರು ಅಂತ ಹೇಳ್ರಿ. ಮೋರಿ ದಂಡಿಗೆ ನಾ ನಿಂತಿರತೀನಿ.”