ಸಾಲಿನ ಆ ತುದಿ

"ಕಳ್ಳ! ನಿಲ್ಲೋ ಅಲ್ಲೇ!"

ಸ್ಟ್ರಾಬೆರಿ ತೋಟದಲ್ಲಿ ಬಾಗಿದ್ದ ಬೆನ್ನುಗಳೆಲ್ಲ ಒಮ್ಮೆಲೇ ನೆಟ್ಟಗಾದವು. ತನ್ನ ಸಾಲಿನ ಆ ತುದಿಯಿಂದ ತುಂಬಿದ ಕ್ರೇಟ್ ಹೊತ್ತು ಹೊರಟಿದ್ದವನ ಅಂಗಿಯನ್ನು ಅವಳು ಹಿಂದಿನಿಂದ ಗಟ್ಟಿಯಾಗಿ ಹಿಡಿದಿದ್ದಳು. ಅವನು ತಿರುಗಿದ. ಉದ್ದನೆಯ ಆಳು, ತೋಟದವರೆಲ್ಲ 'ಒಂಟೆ' ಎನ್ನುತ್ತಿದ್ದರು.

ಅಯ್ಯೋ... ಇವನಾ?!

ಎರಡು ಗಡಿ ದಾಟಿ ಕೂಲಿಗೆ ಬಂದ ಮೊದಲ ದಿನ, ಬಸ್ಸಿಳಿಯುವಾಗ ಅವಳು ಮುಗ್ಗರಿಸಿದ್ದಳು. ಕ್ರೇಟುಗಳಿಗೆ ಅಂಟಿಸಲೆಂದು ಮೇಸ್ತ್ರಿ ಕೊಟ್ಟಿದ್ದ ಅವಳ ಹದಿನೇಳನೇ ನಂಬರಿನ ಚೀಟಿಗಳು ಗಾಳಿಗೆ ಚೆಲ್ಲಾಪಿಲ್ಲಿ. ಮಂಡಿಯೂರಿ ಹೆಕ್ಕಿ ಕೊಟ್ಟವನು ಇವನೇ. ಒಂದಷ್ಟು ಸಿಗಲೇ ಇಲ್ಲ. ಅಂದಿನಿಂದ ಅವನ ಕಣ್ಣು ನೆನಪಾದಾಗಲೆಲ್ಲ ಅವಳ ಕೈ ಇನ್ನಷ್ಟು ನಿಧಾನ!

ಇವತ್ತು ಶನಿವಾರ. ವಾರದಲ್ಲಿ ಎಲ್ಲರಿಗಿಂತ ಕಡಿಮೆ ಕಿತ್ತವರನ್ನು ಮೇಸ್ತ್ರಿ ಸಂಜೆಯ ಬಸ್ಸಿಗೆ ಹತ್ತಿಸಿ ವಾಪಸ್ ಕಳಿಸುತ್ತಾನೆ. ಅದು ತಾನೇ ಎಂಬ ಭಯ ವಾರವಿಡೀ ಅವಳನ್ನು ಕಾಡಿತ್ತು. ಸಾಲದ್ದಕ್ಕೆ, ದಿನಾ ಅವಳ ಸಾಲಿನ ಆ ತುದಿ ಮಾತ್ರ ಬರಿದು!

"ನನ್ನ ಸಾಲು ಕದ್ದು ನನ್ನನ್ನೇ ಊರಿಗೆ ಅಟ್ತೀಯಾ? ಮಾತಾಡೋ!"

ಅವನ ಕಿವಿ ಹಣ್ಣಿಗಿಂತ ಕೆಂಪಾಯಿತು. ಕ್ರೇಟನ್ನು ಎದೆಗೆ ಅವಚಿಕೊಂಡ.

"ಏನ್ರೀ ಗಲಾಟೆ?" ಮೇಸ್ತ್ರಿ ಬಂದು ಕ್ರೇಟ್ ಕಿತ್ತುಕೊಂಡು ನೋಡಿದ. ಹಣೆ ಚಚ್ಚಿಕೊಂಡ. "ಇದೆಂಥ ಕಳ್ಳತನಮ್ಮ? ಇದರ ಮೇಲೆ ನಿನ್ನ ನಂಬರೇ ಇದೆಯಲ್ಲ! ಈ ವಾರ ಹದಿನೇಳೇ ಎಲ್ಲರಿಗಿಂತ ಮುಂದು. ಕೊನೇಲಿರೋದು ಈ ಒಂಟೆ. ಬಸ್ಸು ಹತ್ತೋದೂ ಇವನೇ."

ಅವಳ ಕೈಯಿಂದ ಅಂಗಿ ಜಾರಿತು.

ಸಿಗದೆ ಹೋದ ಚೀಟಿಗಳು ಇವನ ಹತ್ತಿರವೇ ಇದ್ದವು... ದೇವರೇ, ನಾನೇನು ಮಾಡಿಬಿಟ್ಟೆ!

ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಆದರೂ ಅವಳು ಮೇಸ್ತ್ರಿಯ ಕಡೆ ತಿರುಗಿದಳು.

"ಅವೆಲ್ಲ ಅವನು ಕಿತ್ತಿದ್ದು, ಸಾರ್! ಅವನ ಹೆಸರಿಗೇ ಬರ್ಕೊಳ್ಳಿ!"

"ಹಾಗಾದ್ರೆ ಬಸ್ಸಿಗೆ ನೀನು."

"ಹೋಗ್ತೀನಿ!"

"ಅವಳು ಹೋದ್ರೆ ನಾನೂ ಹೋಗ್ತೀನಿ."

ಒಂಟೆ ಕೊನೆಗೂ ಬಾಯಿಬಿಟ್ಟಿದ್ದ!

"ಅಬ್ಬಾ, ಇವನಿಗೆ ನಾಲಿಗೇನೂ ಇದೆ ಕಣ್ರೇ!" ಪಕ್ಕದ ಸಾಲಿನಿಂದ ಅವಳ ಜೊತೆ ಕೋಣೆಯಲ್ಲಿದ್ದ ಅಕ್ಕ ಕೂಗಿದಳು. ತೋಟವೆಲ್ಲ ಗೊಳ್ಳೆಂದಿತು.

ಮೇಸ್ತ್ರಿಗೂ ನಗು ತಡೆಯಲಾಗಲಿಲ್ಲ. "ಇಬ್ಬರದ್ದೂ ಸೇರಿಸಿದ್ರೆ ಇಬ್ಬರಿಗೂ ಸಾಕಾಗುತ್ತೆ, ಈ ವಾರ ಬಸ್ಸು ಖಾಲಿ ಹೋಗಲಿ. ಇನ್ಮೇಲೆ ಇಬ್ಬರಿಗೂ ಸೇರಿ ಒಂದೇ ಸಾಲು. ತಲೆ ತಿನ್ನಬೇಡಿ, ಕೆಲಸ ನೋಡಿ!"

ಎಲ್ಲರ ಬೆನ್ನು ಮತ್ತೆ ಬಾಗಿತು.

"ಯಾಕೆ ಹೇಳಲಿಲ್ಲ?" ಅವಳು ಅವನತ್ತ ತಿರುಗಿದಳು.

"ಹೇಳೋಣ ಅಂತಲೇ ದಿನಾ ಆ ತುದಿಯಿಂದ ಕೀಳ್ತಾ ಬರ್ತಿದ್ದೆ... ನಿನಗೂ ನನಗೂ ನಡುವೆ ಹತ್ತು ಗಿಡ ಉಳಿದಾಗ ಎದೆ ಡವಡವ! ಎದ್ದು ಓಡ್ತಿದ್ದೆ."

ಅವಳು ಕಣ್ಣೊರೆಸಿಕೊಂಡು ಕೈ ತೋರಿಸಿದಳು. "ಹೋಗು. ಅಲ್ಲಿಂದಲೇ ಬಾ."

ಆ ತುದಿಯಿಂದ ಅವನು, ಈ ತುದಿಯಿಂದ ಅವಳು. ಮೊದಲ ಸಲ ಅವಳ ಬೆರಳುಗಳಿಗೆ ರೆಕ್ಕೆ ಬಂದಿತ್ತು! ಹತ್ತು ಗಿಡ... ಐದು... ಎರಡು...

ಅವನ ಕೈ ನಿಂತಿತು.

"ಇನ್ನು... ಒಂದೇ ಗಿಡ."

"ಗೊತ್ತು." ಅವಳು ಮತ್ತೆ ಅವನ ಅಂಗಿ ಹಿಡಿದಳು, ಈ ಸಲ ಮೆಲ್ಲಗೆ. "ಇವತ್ತು ಓಡಬೇಡ."

"ಅಂಗಿ ಬಿಟ್ಟರೂ ಓಡಲ್ಲ."

"ಬಿಡೋರ್ಯಾರು?"